ಭಾನುವಾರದ ತಿಂಡಿ ಶನಿವಾರವೇ ಶುರು: ಬಡಾವಣೆಯ ದರ್ಶಿನಿ ನಡೆಯುವ ಬಗೆ

ಹೆಗ್ಗನಹಳ್ಳಿ ಕ್ರಾಸ್ ಸುತ್ತಮುತ್ತಲ ಹೋಟೆಲುಗಳಲ್ಲಿ ವಾರದ ಆರು ದಿನ ತಿಂಡಿಯ ರಶ್ ಬೆಳಿಗ್ಗೆ ಏಳರಿಂದ ಒಂಬತ್ತರ ನಡುವೆ. ಪೀಣ್ಯದ ಕಾರ್ಖಾನೆಗಳಿಗೆ, ಗಾರ್ಮೆಂಟ್ಸ್‌ಗೆ, ಮಷೀನ್ ಶಾಪ್‌ಗಳಿಗೆ ಹೊರಟವರು ನಿಂತಲ್ಲೇ ಎರಡು ಇಡ್ಲಿ ತಿಂದು, ಕಾಫಿ ಕುಡಿದು ಬಸ್ಸು ಹಿಡಿಯುವ ಹೊತ್ತದು. ಭಾನುವಾರದ ಲೆಕ್ಕವೇ ಬೇರೆ. ಏಳು ಗಂಟೆಗೆ ಹೋಟೆಲು ಖಾಲಿ ಹೊಡೆಯುತ್ತಿರುತ್ತದೆ. ಒಂಬತ್ತೂವರೆ ದಾಟಿದ ಮೇಲೆ ಗಂಡ, ಹೆಂಡತಿ, ಮಕ್ಕಳು, ಊರಿಂದ ಬಂದ ಅತ್ತೆ ಮಾವ ಎಲ್ಲರೂ ಒಟ್ಟಿಗೆ ಬರುತ್ತಾರೆ. ಹತ್ತರಿಂದ ಹನ್ನೊಂದೂವರೆವರೆಗೆ ಕ್ಯಾಶ್ ಕೌಂಟರಿನ ಸಾಲು ಬಾಗಿಲು ದಾಟಿ ರಸ್ತೆಗಿಳಿದಿರುತ್ತದೆ. ಮಸಾಲೆ ದೋಸೆ, ಕೇಸರಿಬಾತ್, ಕಾಫಿ ಮುಗಿಸಿ ಮನೆಗೆ ಹೋದರೆ ಮಧ್ಯಾಹ್ನದ ಊಟ ಮೂರು ಗಂಟೆಗೆ, ಇಲ್ಲವೇ ಇಲ್ಲ.

ತಿಂಡಿ ಮತ್ತು ಊಟವನ್ನು ಸೇರಿಸಿ ತಡವಾಗಿ ಒಂದೇ ಸಲ ಉಣ್ಣುವ ಈ ಪದ್ಧತಿಗೆ ದೊಡ್ಡ ಹೋಟೆಲುಗಳಲ್ಲಿ ಬ್ರಂಚ್ ಎನ್ನುತ್ತಾರೆ. 1895ರಲ್ಲಿ ಇಂಗ್ಲೆಂಡಿನ ಗೈ ಬೆರಿಂಜರ್ ಎಂಬ ಬರಹಗಾರ, ಭಾನುವಾರ ಬೇಗ ಎದ್ದು ತಿನ್ನುವ ಕಷ್ಟ ಬೇಡ, ತಡವಾಗಿ ಸ್ನೇಹಿತರ ಜೊತೆ ಹರಟುತ್ತ ಉಣ್ಣೋಣ ಎಂದು ಪತ್ರಿಕೆಯೊಂದರಲ್ಲಿ ವಾದಿಸಿದ್ದ. ಹೆಗ್ಗನಹಳ್ಳಿ, ಸುಂಕದಕಟ್ಟೆ, ರಾಜಗೋಪಾಲನಗರ, ಲಗ್ಗೆರೆಯ ಜನ ಅವನ ಲೇಖನ ಓದದೆಯೇ ಅದನ್ನು ಪಾಲಿಸುತ್ತಿದ್ದಾರೆ. ಇಲ್ಲಿನ ಬ್ರಂಚ್‌ಗೆ ಮುಂಗಡ ಬುಕಿಂಗ್ ಬೇಡ, ಸಾವಿರಾರು ರೂಪಾಯಿಯ ಬಫೆಯೂ ಬೇಡ. ಬೇಕಾದದ್ದು ಹೋಟೆಲಿನ ಗಡಿಯಾರದ ತಿಳಿವಳಿಕೆ. ಹಿಟ್ಟು ಯಾವಾಗ ಹದಕ್ಕೆ ಬರುತ್ತದೆ, ಡಿಕಾಕ್ಷನ್ ಯಾವಾಗ ಇಳಿಯುತ್ತದೆ, ಕಾವಲಿ ಯಾವಾಗ ಕಾದಿರುತ್ತದೆ ಎಂಬುದು ಗೊತ್ತಿದ್ದರೆ ಅದೇ ದುಡ್ಡಿಗೆ, ಅದೇ ಹೋಟೆಲಿನಲ್ಲಿ ಎಷ್ಟೋ ಪಾಲು ಒಳ್ಳೆಯ ತಿಂಡಿ ಸಿಗುತ್ತದೆ.

ಭಾನುವಾರವೇ ಏಕೆ?

ನಮಗೆ ಭಾನುವಾರದ ರಜೆ ತಾನಾಗಿ ಬಂದದ್ದಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗಾಗಿ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿದ ಮೇಲೆ 1890ರಲ್ಲಿ ಗಿರಣಿ ಮಾಲೀಕರು ವಾರದ ರಜೆಗೆ ಒಪ್ಪಿದರು. ಸ್ವಾತಂತ್ರ್ಯದ ನಂತರ 1948ರ ಕಾರ್ಖಾನೆ ಕಾಯ್ದೆ ವಾರದ ಮೊದಲ ದಿನವಾದ ಭಾನುವಾರವನ್ನೇ ಕಾರ್ಮಿಕರ ರಜಾದಿನವನ್ನಾಗಿ ಹಿಡಿಯಿತು. ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆದಂತೆ ಅದರ ಅಂಚಿನ ಹಳ್ಳಿಗಳು ಬಾಡಿಗೆ ಮನೆಗಳ ಬಡಾವಣೆಗಳಾದವು. ಹೆಗ್ಗನಹಳ್ಳಿಯೂ ಅವುಗಳಲ್ಲಿ ಒಂದು. ಗಂಡ ಹೆಂಡತಿ ಇಬ್ಬರೂ ಶಿಫ್ಟಿಗೆ ಹೋಗುವ ಮನೆಗಳಲ್ಲಿ ಎಲ್ಲರೂ ಒಟ್ಟಿಗೆ ಕೂತು ತಿನ್ನಲು ಸಿಗುವ ಬೆಳಗು ವಾರಕ್ಕೆ ಒಂದೇ. ಆರು ದಿನ ನಸುಕಿಗೇ ಎದ್ದು ಬುತ್ತಿ ಕಟ್ಟಿದ ಹೆಂಗಸಿಗೆ ಅವತ್ತು ಒಲೆಯಿಂದಲೂ ಬಿಡುವು ಬೇಕು. ಬಡಾವಣೆಯ ಹೋಟೆಲಿನ ಭಾನುವಾರದ ವ್ಯಾಪಾರ ನಿಂತಿರುವುದು ಈ ಬಿಡುವಿನ ಮೇಲೆ.

ಹೋಟೆಲಿನವರು ಇದನ್ನು ಕ್ಯಾಲೆಂಡರ್ ಇಟ್ಟುಕೊಂಡು ಲೆಕ್ಕ ಹಾಕುತ್ತಾರೆ. ಸಾವಿರಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆ ತಿಂಗಳ 7ನೇ ತಾರೀಕಿನೊಳಗೆ, ಅದಕ್ಕಿಂತ ದೊಡ್ಡ ಕಡೆ 10ರೊಳಗೆ ಸಂಬಳ ಕೊಡಬೇಕೆಂಬ ನಿಯಮ 1936ರ ವೇತನ ಪಾವತಿ ಕಾಯ್ದೆಯಲ್ಲಿತ್ತು, ತಿಂಗಳ ಆರಂಭದಲ್ಲೇ ಸಂಬಳ ಕೊಡುವ ರೂಢಿ ಈಗಲೂ ಇದೆ. ಹಾಗಾಗಿ ಸಂಬಳ ಕೈಗೆ ಬಂದ ನಂತರದ ಭಾನುವಾರ ದೋಸೆಯ ಜೊತೆ ಕೇಸರಿಬಾತ್, ವಡೆ, ಜ್ಯೂಸ್ ಎಲ್ಲ ಹೋಗುತ್ತದೆ. ತಿಂಗಳ ಕೊನೆಯ ಭಾನುವಾರ ಇಡ್ಲಿಗೂ ರೈಸ್ ಬಾತಿಗೂ ಬೇಡಿಕೆ. ಹಬ್ಬಕ್ಕೆ ಹೊಂದಿಕೊಂಡು ಸಾಲು ರಜೆ ಬಂದರೆ ತುಮಕೂರು, ಕುಣಿಗಲ್, ಮಾಗಡಿ, ಹಾಸನದ ಕಡೆಯವರು ಊರಿಗೆ ಹೊರಟುಬಿಡುತ್ತಾರೆ, ಹೋಟೆಲು ಭಣಭಣ. ನಿಮಗೆ ಸಾಲು ಬೇಡ, ನೆಮ್ಮದಿ ಬೇಕು ಎಂದಾದರೆ ತಿಂಗಳ ಕೊನೆಯ ವಾರವೋ ಸಾಲು ರಜೆಯ ಭಾನುವಾರವೋ ಒಳ್ಳೆಯದು.

ದರ್ಶಿನಿ ಎಂಬ ಏರ್ಪಾಡು

ಬೆಂಗಳೂರಿನ ಹಳೆಯ ತಿಂಡಿ ಹೋಟೆಲುಗಳಲ್ಲಿ ಹೆಚ್ಚಿನವು ಕೂತು ತಿನ್ನುವಂಥವು. 1924ರ ಎಂಟಿಆರ್, ಗಾಂಧಿ ಬಜಾರಿನಲ್ಲಿ 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನ ಇವತ್ತಿಗೂ ಹಾಗೇ ಇವೆ. ಮಾಣಿ ಬಂದು ಕೇಳಬೇಕು, ತಂದುಕೊಡಬೇಕು, ಬಿಲ್ಲು ತರಬೇಕು. ಒಂದು ಟೇಬಲ್ಲಿಗೆ ಅರ್ಧ ಗಂಟೆ ಹಿಡಿಯುತ್ತದೆ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಕಲ್ಪನೆಯಿಂದ ಕೆಫೆ ದರ್ಶಿನಿ ತೆರೆದಾಗ ಈ ಲೆಕ್ಕ ಬದಲಾಯಿತು. ಮೊದಲು ದುಡ್ಡು ಕೊಟ್ಟು ಟೋಕನ್ ತೆಗೆದುಕೊಳ್ಳುವುದು, ಕೌಂಟರಿಗೆ ಹೋಗಿ ತಟ್ಟೆ ಪಡೆಯುವುದು, ಎತ್ತರದ ಸ್ಟೀಲ್ ಟೇಬಲಿನ ಮುಂದೆ ನಿಂತು ತಿನ್ನುವುದು, ಅಡುಗೆಮನೆ ಕಣ್ಣೆದುರಿಗೇ ಇರುವುದು. ಹತ್ತಡಿ ಅಗಲದ ಅಂಗಡಿಯಲ್ಲೂ ಹೋಟೆಲು ನಡೆಸಬಹುದು ಎಂಬುದು ಆಗ ಎಲ್ಲರಿಗೂ ತಿಳಿಯಿತು.

ದರ್ಶಿನಿಯ ತಿಂಡಿ ಅಗ್ಗವಾಗಿರುವುದಕ್ಕೆ ಕಾರಣವೂ ಇದೇ. ನಿಂತವರು ಹತ್ತು ನಿಮಿಷದಲ್ಲಿ ಜಾಗ ಬಿಡುತ್ತಾರೆ. ಬಾಡಿಗೆ, ಸಂಬಳ, ಗ್ಯಾಸು ಎಲ್ಲವೂ ಹೆಚ್ಚು ತಟ್ಟೆಗಳ ಮೇಲೆ ಹಂಚಿಹೋಗುತ್ತದೆ. ಭಾನುವಾರ ಈ ಲೆಕ್ಕಕ್ಕೇ ಪೆಟ್ಟು ಬೀಳುವುದು. ಕುಟುಂಬ ಸಮೇತ ಬಂದವರು ಅವಸರ ಮಾಡುವುದಿಲ್ಲ, ಮಕ್ಕಳು ನಿಂತು ತಿನ್ನುವುದಿಲ್ಲ, ವಯಸ್ಸಾದವರಿಗೆ ಕುರ್ಚಿ ಬೇಕು. ಹೆಗ್ಗನಹಳ್ಳಿಯಂಥ ಬಡಾವಣೆಯ ಹೋಟೆಲುಗಳು ಇದಕ್ಕೆ ಅಂಗಡಿಯ ಮುಂದೆ ನಾಲ್ಕಾರು ಪ್ಲಾಸ್ಟಿಕ್ ಕುರ್ಚಿ, ಸ್ಟೂಲು ಹಾಕಿ ದಾರಿ ಮಾಡಿಕೊಂಡಿವೆ. ಹಿರಿಯರನ್ನು ಕರೆದೊಯ್ಯುವವರು ಒಂಬತ್ತೂಕಾಲಿಗೆ ಹೋದರೆ ಆ ಕುರ್ಚಿಗಳು ಸಿಗುತ್ತವೆ. ಹತ್ತೂವರೆಗೆ ಹೋದರೆ ಬೇರೆಯವರು ಏಳುವುದನ್ನೇ ಕಾಯುತ್ತ ನಿಲ್ಲಬೇಕು.

ಶನಿವಾರ ಮಧ್ಯಾಹ್ನದ ಕೆಲಸ

ಭಾನುವಾರ ಹತ್ತು ಗಂಟೆಗೆ ನಿಮ್ಮ ತಟ್ಟೆಗೆ ಬರುವ ದೋಸೆಗೆ ಅಕ್ಕಿ, ಉದ್ದು, ಒಂದಿಷ್ಟು ಮೆಂತ್ಯ ನೆನೆಹಾಕುವುದು ಶನಿವಾರ ಮಧ್ಯಾಹ್ನ. ಅಳತೆ ಒಬ್ಬೊಬ್ಬರದು ಒಂದೊಂದು. ಮೂರು ಅಥವಾ ನಾಲ್ಕು ಪಾಲು ಅಕ್ಕಿಗೆ ಒಂದು ಪಾಲು ಉದ್ದು ಎಂಬುದು ದೋಸೆಯ ಸಾಮಾನ್ಯ ಲೆಕ್ಕ. ಕೆಲವರು ಹಿಡಿ ಅವಲಕ್ಕಿ, ಕಡಲೆಬೇಳೆ ಸೇರಿಸುತ್ತಾರೆ. ಇಡ್ಲಿಗೆ ಉದ್ದು ಹೆಚ್ಚು ಬೇಕು. ನಾಲ್ಕೈದು ಗಂಟೆ ನೆಂದ ಮೇಲೆ ಸಂಜೆ ಗ್ರೈಂಡರಿಗೆ.

ರುಬ್ಬಿದ ಹಿಟ್ಟು ರಾತ್ರಿಯೆಲ್ಲ ಸುಮ್ಮನೆ ಇರುವುದಿಲ್ಲ. ಉದ್ದಿನಲ್ಲೇ ಇರುವ ಲ್ಯೂಕೊನಾಸ್ಟಾಕ್, ಲ್ಯಾಕ್ಟೋಬ್ಯಾಸಿಲಸ್ ಜಾತಿಯ ಸೂಕ್ಷ್ಮಜೀವಿಗಳು ಹಿಟ್ಟಿನ ಸಕ್ಕರೆಯಂಶವನ್ನು ತಿಂದು ಎರಡು ವಸ್ತು ಹೊರಬಿಡುತ್ತವೆ: ಇಂಗಾಲದ ಡೈ ಆಕ್ಸೈಡ್ ಮತ್ತು ಆಮ್ಲ. ಗಾಳಿಯಿಂದ ಹಿಟ್ಟು ಉಬ್ಬುತ್ತದೆ, ಆಮ್ಲದಿಂದ ಹುಳಿ ಬರುತ್ತದೆ. ಉದ್ದಿನ ಅಂಟು ಗುಣ ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ ಇಡ್ಲಿ ಹಗುರವಾಗುವುದು, ದೋಸೆಯ ಮೇಲ್ಮೈಯಲ್ಲಿ ಜೇನುಗೂಡಿನಂಥ ತೂತುಗಳು ಬೀಳುವುದು. ಈ ಜೀವಿಗಳಿಗೆ ಬೆಚ್ಚಗಿರಬೇಕು. ಏಪ್ರಿಲಿನಲ್ಲಿ ಏಳೆಂಟು ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಡಿಸೆಂಬರಿನ ಚಳಿಯಲ್ಲಿ ಹನ್ನೆರಡು ಗಂಟೆಯೂ ಸಾಲದು. ಅದಕ್ಕೇ ಚಳಿಗಾಲದಲ್ಲಿ ಹಿಟ್ಟಿನ ಪಾತ್ರೆಗಳು ಒಲೆಯ ಪಕ್ಕಕ್ಕೆ ಬರುತ್ತವೆ, ಹಿಂದಿನ ದಿನದ ಹಿಟ್ಟಿನ ಒಂದು ಸೌಟು ಹೊಸದಕ್ಕೆ ಸೇರುತ್ತದೆ.

ಭಾನುವಾರದ ತೊಡಕು ಬರುವುದು ಇಲ್ಲಿಯೇ. ವಾರದ ದಿನ ಬೆಳಿಗ್ಗೆ ಆರೂವರೆಗೆ ಹದಕ್ಕೆ ಬಂದ ಹಿಟ್ಟು ಒಂಬತ್ತರೊಳಗೆ ಖಾಲಿ. ಭಾನುವಾರ ಅದೇ ಹಿಟ್ಟು ಹನ್ನೊಂದರವರೆಗೆ ಹೊರಗಿದ್ದರೆ ಹುಳಿ ಏರಿ, ನೀರು ಬಿಟ್ಟುಕೊಂಡು, ದೋಸೆ ಮೆತ್ತಗಾಗುತ್ತದೆ. ಕೆಲಸ ಬಲ್ಲ ಹೋಟೆಲಿನವರು ಶನಿವಾರ ಎರಡು ಸಲ ರುಬ್ಬಿಸುತ್ತಾರೆ: ಸಂಜೆಯದು ಬೆಳಗಿನ ಜನಕ್ಕೆ, ರಾತ್ರಿಯದು ಹತ್ತು ಗಂಟೆಯ ಜನಕ್ಕೆ. ಇಲ್ಲವೇ ಹದ ಬಂದ ಹಿಟ್ಟನ್ನು ಫ್ರಿಜ್ಜಿಗೆ ಸೇರಿಸಿ ಬೇಕಾದಷ್ಟೇ ಹೊರತೆಗೆಯುತ್ತಾರೆ. ಒಂದೇ ಹೋಟೆಲಿನಲ್ಲಿ ಎಂಟು ಗಂಟೆಗೊಮ್ಮೆ, ಹನ್ನೊಂದಕ್ಕೊಮ್ಮೆ ಖಾಲಿ ದೋಸೆ ತಿಂದು ನೋಡಿ. ಎರಡರ ಹುಳಿಯೂ ಒಂದೇ ಹದದಲ್ಲಿದ್ದರೆ ಆ ಅಡುಗೆಮನೆಯನ್ನು ಕಣ್ಣುಮುಚ್ಚಿ ನಂಬಬಹುದು. ಸೆಟ್ ದೋಸೆ, ಖಾಲಿ ದೋಸೆಯಲ್ಲಿ ಹಿಟ್ಟಿನ ಗುಣ ನೇರವಾಗಿ ನಾಲಗೆಗೆ ತಿಳಿಯುತ್ತದೆ. ಮಸಾಲೆ ದೋಸೆಯಲ್ಲಿ ಕೆಂಪು ಚಟ್ನಿಯೂ ಪಲ್ಯವೂ ಅದನ್ನು ಮುಚ್ಚಿಹಾಕುತ್ತವೆ.

ಕಾವಲಿಯ ಮುಂದೆ ಐದು ನಿಮಿಷ

ಟೋಕನ್ ಕೊಟ್ಟು ಕಾಯುವಾಗ ಮೊಬೈಲು ನೋಡುವ ಬದಲು ಕಾವಲಿಯ ಮುಂದೆ ನಿಲ್ಲಿ. ದೋಸೆ ಹಾಕುವವರನ್ನು ಕೆಲವು ಕಡೆ ಭಟ್ರು ಎನ್ನುತ್ತಾರೆ, ಕೆಲವು ಕಡೆ ಮಾಸ್ಟರ್. ಅವರು ಮೊದಲು ಮಾಡುವ ಕೆಲಸ ಚೊಂಬಿನಿಂದ ನೀರು ಚಿಮುಕಿಸುವುದು. ಚುರ್ ಎಂದು ಹಬೆ ಏಳುತ್ತದೆ. ಕಡ್ಡಿ ಪೊರಕೆಯಿಂದ ಒಂದು ಸಲ ಗುಡಿಸುತ್ತಾರೆ. ಕಾವಲಿ ಚೊಕ್ಕಟವಾಗುವುದು ಅದರ ಒಂದು ಉಪಯೋಗ, ಹೆಚ್ಚಿನ ಉಪಯೋಗ ಶಾಖ ಇಳಿಯುವುದು. ಕಾವಲಿ ತೀರಾ ಕಾದಿದ್ದರೆ ಹಿಟ್ಟು ಬಿದ್ದ ಕೂಡಲೇ ಗಟ್ಟಿಯಾಗಿ ಸೌಟಿನ ಜೊತೆ ಎದ್ದು ಬರುತ್ತದೆ, ಹರಡುವುದಿಲ್ಲ. ನೀರು ಆವಿಯಾಗುವಾಗ ಮೇಲ್ಮೈಯ ಶಾಖವನ್ನು ಹೀರಿಕೊಳ್ಳುತ್ತದೆ. ಆ ಕೆಲವೇ ಕ್ಷಣಗಳ ಸಂದಿಯಲ್ಲಿ ಹಿಟ್ಟು ಹಾಕಿ, ನಡುವಿನಿಂದ ಅಂಚಿಗೆ ಸುತ್ತುತ್ತ ಹರಡಿ ಮುಗಿಸಬೇಕು.

ಆಮೇಲೆ ಕಾವಲಿ ಮತ್ತೆ ಕಾಯುತ್ತದೆ. ಹಿಟ್ಟಿನ ನೀರೆಲ್ಲ ಆವಿಯಾಗುವವರೆಗೆ ದೋಸೆಯ ತಳ ನೂರು ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ನೀರು ಮುಗಿದ ಮೇಲೆ ಬಿಸಿ ಏರಿ ತಳ ಕೆಂಪಾಗತೊಡಗುತ್ತದೆ. ಎಣ್ಣೆ, ತುಪ್ಪ ಅಥವಾ ಬೆಣ್ಣೆ ಹಾಕುವುದು ಆಗ. ಬೆಂಗಳೂರಿನ ಮಸಾಲೆ ದೋಸೆಯನ್ನು ಮಗುಚುವುದಿಲ್ಲ. ಹೊರಗೆ ಗರಿಗರಿ, ಒಳಗೆ ಮೆತ್ತಗೆ ಉಳಿಯುವ ಗುಟ್ಟು ಇದು. ಕೆಂಪು ಚಟ್ನಿ ಸವರಿ, ಆಲೂಗೆಡ್ಡೆ ಪಲ್ಯ ಇಟ್ಟು, ಸಟ್ಟುಗದಿಂದ ಮಡಚುತ್ತಾರೆ. ‘ಮಾಸ್ಟರ್, ಒಂದು ರೋಸ್ಟ್ ಆಗ್ಲಿ’ ಎಂದರೆ ನೀವು ಕೇಳುತ್ತಿರುವುದು ಇನ್ನೂ ಒಂದೆರಡು ನಿಮಿಷದ ಕಾವಲಿ ಸಮಯ. ಬಿಡುವಿದ್ದಾಗ ಸಂತೋಷವಾಗಿ ಕೊಡುತ್ತಾರೆ. ಹತ್ತೂವರೆಯ ರಶ್ಶಿನಲ್ಲಿ ಕೇಳಿದರೆ ಹಿಂದಿನವರೆಲ್ಲ ಅಷ್ಟು ಹೊತ್ತು ಕಾಯಬೇಕಾಗುತ್ತದೆ.

ಎಷ್ಟು ಹೊತ್ತು ಕಾಯಬೇಕೆಂದು ನೀವೇ ಲೆಕ್ಕ ಹಾಕಬಹುದು. ಕಾವಲಿಯ ಮೇಲೆ ಒಂದು ಒಬ್ಬೆಗೆ ಎಷ್ಟು ದೋಸೆ ಬೀಳುತ್ತವೆ ನೋಡಿ. ಹತ್ತು ಬೀಳುತ್ತವೆ, ಒಬ್ಬೆಗೆ ಐದು ನಿಮಿಷ ಹಿಡಿಯುತ್ತದೆ ಎಂದುಕೊಳ್ಳಿ; ಆಗ ಗಂಟೆಗೆ 120 ದೋಸೆ. ನಿಮ್ಮ ಮುಂದೆ ಮೂವತ್ತು ಟೋಕನ್ ಇದ್ದರೆ ಹದಿನೈದು ನಿಮಿಷ. ಪಾರ್ಸೆಲ್ ಟೋಕನ್‌ಗಳನ್ನೂ ಡೆಲಿವರಿ ಹುಡುಗರ ಆರ್ಡರುಗಳನ್ನೂ ಎಣಿಕೆಗೆ ಸೇರಿಸಿಕೊಳ್ಳಿ. ಸಾಲಿನಲ್ಲಿ ಕಾಣದ ಆ ಆರ್ಡರುಗಳಿಂದಲೇ ಭಾನುವಾರ ಕಾಯುವ ಹೊತ್ತು ಹೆಚ್ಚುವುದು. ಮಕ್ಕಳಿಗೆ ಹಸಿವಾಗಿದ್ದರೆ ಮೊದಲು ಇಡ್ಲಿ ಕೊಡಿಸಿ, ದೋಸೆ ಆಮೇಲೆ ಬರಲಿ.

ಯಾವುದು ಯಾವಾಗ ಬಿಸಿ

ಇಡ್ಲಿ ಹತ್ತು ಹನ್ನೆರಡು ನಿಮಿಷದಲ್ಲಿ ಹಬೆಯಲ್ಲಿ ಬೇಯುತ್ತದೆ, ತಟ್ಟೆ ಇಡ್ಲಿಗೆ ಸ್ವಲ್ಪ ಹೆಚ್ಚು ಬೇಕು. ತುಮಕೂರು ರಸ್ತೆಯ ಕ್ಯಾತ್ಸಂದ್ರದ, ಮೈಸೂರು ರಸ್ತೆಯ ಬಿಡದಿಯ ತಟ್ಟೆ ಇಡ್ಲಿಯ ರುಚಿ ಬಲ್ಲವರು ಈ ಕಡೆ ಬಹಳ. ಹಾಗಾಗಿ ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಅದಕ್ಕೆ ಒಳ್ಳೆಯ ಗಿರಾಕಿ ಉಂಟು. ಸ್ಟ್ಯಾಂಡಿನಿಂದ ಈಗ ತಾನೇ ಇಳಿದ ಇಡ್ಲಿಯನ್ನು ಎರಡು ನಿಮಿಷ ಆರಲು ಬಿಟ್ಟರೆ ಅಂಟದೆ ಏಳುತ್ತದೆ. ‘ಹೊಸ ಒಬ್ಬೆ ಯಾವಾಗ ಇಳಿಯುತ್ತೆ ಅಣ್ಣಾ?’ ಎಂದು ಕೇಳಿ, ಅಷ್ಟು ಹೊತ್ತು ಕಾದರೆ ನಷ್ಟವಿಲ್ಲ.

ವಡೆಗೆ ಆಯಸ್ಸು ಇನ್ನೂ ಕಡಿಮೆ. ಎಣ್ಣೆಯಿಂದ ಬಂದ ಹತ್ತು ನಿಮಿಷ ಗರಿಗರಿ, ಅರ್ಧ ಗಂಟೆ ಕಳೆದರೆ ರಬ್ಬರು. ಆರಿದ ವಡೆ ಸಿಕ್ಕಿದರೆ ಸಾಂಬಾರಿನಲ್ಲಿ ಡಿಪ್ ಮಾಡಿಸಿಕೊಳ್ಳುವುದೇ ಸರಿ. ಗಟ್ಟಿಯಾದ ವಡೆ ಸಾಂಬಾರು ಹೀರಿ ಮತ್ತೆ ಮೆತ್ತಗಾಗುತ್ತದೆ. ಖಾರಾಬಾತ್, ಕೇಸರಿಬಾತ್ ಎರಡೂ ರವೆಯವು, ಎರಡೂ ಬೆಳಿಗ್ಗೆಯೇ ತಯಾರಾಗಿರುತ್ತವೆ. ಕೇಸರಿಬಾತ್ ತುಪ್ಪದಿಂದಾಗಿ ಬಾಳಿಕೆ ಬರುತ್ತದೆ, ಖಾರಾಬಾತ್ ಹತ್ತರ ಹೊತ್ತಿಗೆ ಬಿಗಿಯಾಗುತ್ತದೆ. ಎರಡೂ ಒಂದೇ ತಟ್ಟೆಯಲ್ಲಿ ಬರುವ ಚೌಚೌ ಬಾತ್ ತಿನ್ನುವ ಆಸೆಯಿದ್ದರೆ ಬೇಗ ಹೋಗಿ. ತಡವಾಗಿ ಹೋಗುವವರಿಗೆ ರೈಸ್ ಬಾತ್ ಒಳ್ಳೆಯದು. ಬಿಸಿಬೇಳೆಬಾತ್, ವಾಂಗೀಬಾತ್, ಪಲಾವ್ ಮಧ್ಯಾಹ್ನದ ಜನಕ್ಕಾಗಿ ಹತ್ತು ಹನ್ನೊಂದರ ಹೊತ್ತಿಗೆ ಹೊಸದಾಗಿ ಇಳಿಯುತ್ತವೆ. ರವೆ ಇಡ್ಲಿ ಸಿಗುವ ಕಡೆ ಅದನ್ನೂ ನೋಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಎಂಟಿಆರ್‌ನವರು ರವೆಯಲ್ಲಿ ಮಾಡಿ ನೋಡಿದ ತಿಂಡಿ ಅದು. ಹಿಟ್ಟು ಹುದುಗಲು ರಾತ್ರಿಯೆಲ್ಲ ಕಾಯಬೇಕಿಲ್ಲದ ಕಾರಣ ತಡವಾದರೂ ಹುಳಿಯಾಗುವ ಭಯವಿಲ್ಲ.

ನಾಲ್ಕು ಜನರ ಮನೆಗೆ ಒಂದು ಕ್ರಮ ಹೇಳುವುದಾದರೆ ಹೀಗೆ: ಮೊದಲು ಎರಡು ಪ್ಲೇಟ್ ಇಡ್ಲಿ, ಎರಡು ವಡೆ ತಂದು ಹಂಚಿಕೊಳ್ಳಿ. ಅದು ಮುಗಿಯುವಷ್ಟರಲ್ಲಿ ಎರಡು ಮಸಾಲೆ ದೋಸೆ, ಮಕ್ಕಳಿಗೆ ಖಾರವಿಲ್ಲದ ಒಂದು ಸೆಟ್ ದೋಸೆ. ಎಲ್ಲರಿಗೂ ಸೇರಿ ಒಂದು ಕೇಸರಿಬಾತ್. ಕೊನೆಗೆ ಕಾಫಿ. ಎಲ್ಲವನ್ನೂ ಒಟ್ಟಿಗೆ ತಂದು ಟೇಬಲ್ ತುಂಬಿಸಿಕೊಂಡರೆ ಮೊದಲು ತಿಂದದ್ದಷ್ಟೇ ಬಿಸಿ, ಉಳಿದದ್ದೆಲ್ಲ ತಣ್ಣಗೆ.

ಕಾಫಿಯ ಲೆಕ್ಕ

ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70 ಬೆಳೆಯುವುದು ಕರ್ನಾಟಕದ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಹೋಟೆಲಿಗೆ ಬರುವ ಪುಡಿಯಲ್ಲಿ ಚಿಕೋರಿ ಬೆರೆತಿರುತ್ತದೆ. ಚಿಕೋರಿ ಬೇರನ್ನು ಹುರಿದು ಪುಡಿ ಮಾಡಿದ್ದು ಅದು. ಡಿಕಾಕ್ಷನ್ನಿಗೆ ಬಣ್ಣ, ಮಂದ, ಒಗರು ಕೊಡುತ್ತದೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇಕಡಾ 51 ಇರಲೇಬೇಕು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಅಚ್ಚು ಹಾಕಬೇಕು ಎಂಬುದು ನಿಯಮ. ಕೌಂಟರಿನ ಹಿಂದೆ ಪೊಟ್ಟಣ ಕಂಡರೆ ಓದಿಕೊಳ್ಳಿ.

ದೊಡ್ಡ ಫಿಲ್ಟರಿನಲ್ಲಿ ಕುದಿನೀರು ಹಾಕಿದ ಮೇಲೆ ಮೊದಲು ಇಳಿಯುವುದು ಗಟ್ಟಿ ಡಿಕಾಕ್ಷನ್. ಅದೇ ಪುಡಿಗೆ ಮತ್ತೆ ನೀರು ಹಾಕಿದರೆ ಎರಡನೆಯದು, ತೆಳ್ಳಗೆ. ರಶ್ಶಿನ ಹೊತ್ತಿನಲ್ಲಿ ಎರಡನ್ನೂ ಬೆರೆಸಿ ಹೊಂದಿಸುತ್ತಾರೆ. ಡಿಕಾಕ್ಷನ್ ಇಳಿದು ಗಂಟೆಗಟ್ಟಲೆ ಬಿಸಿಯಲ್ಲೇ ಇದ್ದರೆ ಪರಿಮಳ ಹೋಗಿ ಬರೀ ಕಹಿ ಉಳಿಯುತ್ತದೆ. ಭಾನುವಾರದ ಜನಜಂಗುಳಿಯ ಒಂದು ಲಾಭ ಇಲ್ಲಿದೆ: ಕಾಫಿ ಬೇಗ ಬೇಗ ಖರ್ಚಾಗುವುದರಿಂದ ಹೊಸ ಡಿಕಾಕ್ಷನ್ ಇಳಿಯುತ್ತಲೇ ಇರುತ್ತದೆ. ‘ಸ್ಟ್ರಾಂಗ್, ಸಕ್ಕರೆ ಕಡಿಮೆ’ ಎಂದು ಟೋಕನ್ ಕೊಡುವಾಗಲೇ ಹೇಳಿ, ಬೆರೆಸಿದ ಮೇಲೆ ಹೇಳಿದರೆ ಪ್ರಯೋಜನವಿಲ್ಲ. ತಿಂಡಿ ಹೊಟ್ಟೆ ತುಂಬ ಆಗಿದ್ದರೆ ಬೈ ಟು ಸಾಕು. ಒಂದು ಕಾಫಿಯನ್ನು ಇಬ್ಬರಿಗೆ ಹಂಚಿ ಕೊಡುವ ಈ ರೂಢಿ ನಮ್ಮ ಹೋಟೆಲುಗಳ ದೊಡ್ಡ ಗುಣ, ಕೇಳಲು ಸಂಕೋಚ ಬೇಡ.

ಈಚೆಗೆ ಕಾಫಿ ದರ ಏರಿದ್ದಕ್ಕೆ ಕಾರಣ ಹೋಟೆಲಿನ ಗೋಡೆಯಾಚೆಗಿದೆ. ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಬೆಳೆ ಕೈಕೊಟ್ಟು 2025ರ ಆರಂಭದಲ್ಲಿ ಜಾಗತಿಕ ಮಾರುಕಟ್ಟೆಯಲ್ಲಿ ಬೀಜದ ಬೆಲೆ ದಾಖಲೆ ಮಟ್ಟ ಮುಟ್ಟಿತು. ಅದೇ ವರ್ಷ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರಿಗೆ ₹4 ಹೆಚ್ಚಾಯಿತು. ಲೋಟದೊಳಗಿನ ಎರಡೂ ಮುಖ್ಯ ಪದಾರ್ಥಗಳು ಒಟ್ಟಿಗೇ ದುಬಾರಿಯಾದವು.

ಟೋಕನ್, ಬಿಲ್ಲು, ತೆರಿಗೆ

ತಿಂಡಿ, ಕಾಫಿ ಎಲ್ಲದರ ಟೋಕನ್ನನ್ನೂ ಒಂದೇ ಸಲಕ್ಕೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಕಾಫಿಗೆ ಮತ್ತೆ ಸಾಲು ನಿಲ್ಲಬೇಕು. ಆದರೆ ಕಾಫಿ ಟೋಕನ್ ಜೇಬಿನಲ್ಲೇ ಇರಲಿ, ತಿಂಡಿ ಮುಗಿದ ಮೇಲೆ ಕೌಂಟರಿಗೆ ಕೊಡಿ.

ಹೋಟೆಲ್ ತಿಂಡಿಗೆ ಜಿಎಸ್‌ಟಿ ಶೇಕಡಾ 5. ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿವರೆಗಿನ ವಹಿವಾಟಿನ ಸಣ್ಣ ಹೋಟೆಲುಗಳು ಕಾಂಪೊಸಿಷನ್ ಪದ್ಧತಿ ಆರಿಸಿಕೊಳ್ಳಬಹುದು. ಆಗ ಅವರು ತಮ್ಮ ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟುತ್ತಾರೆ, ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ, ಹಾಗೆಂದು ಅಂಗಡಿಯಲ್ಲಿ ಬರೆದು ಹಾಕಬೇಕು. ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಬೇರೆ ಸಾಲು ಕಂಡರೆ ಅದರ ಮೇಲೆ ಹದಿನೈದು ಅಂಕಿ-ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಇದೆಯೇ ನೋಡಿ. ಸರ್ವಿಸ್ ಚಾರ್ಜ್ ಅನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ.

ಯುಪಿಐ ಎಲ್ಲ ಕಡೆ ನಡೆಯುತ್ತದೆ. ಆದರೂ ಜೇಬಿನಲ್ಲಿ ಸ್ವಲ್ಪ ನಗದು ಇರಲಿ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ ಬೆಂಗಳೂರಿನ ಎಷ್ಟೋ ಸಣ್ಣ ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತುಹಾಕಿ ‘ನಗದು ಮಾತ್ರ’ ಎಂದು ಬರೆದುಕೊಂಡಿದ್ದವು. ಭಾನುವಾರದ ಹತ್ತು ಗಂಟೆಗೆ ನೆಟ್‌ವರ್ಕ್ ಕೈಕೊಟ್ಟರೂ ನಗದೇ ಗತಿ.

ಸ್ವಚ್ಛತೆ: ಎಲ್ಲಿ ನೋಡಬೇಕು

ದರ್ಶಿನಿಯ ಅಡುಗೆಮನೆ ತೆರೆದಿರುವುದು ಗಿರಾಕಿ ನೋಡಲಿ ಎಂದೇ. ಮೊದಲು ಗೋಡೆಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪತ್ರ ಹುಡುಕಿ, ಅದರಲ್ಲಿ 14 ಅಂಕಿಯ ಸಂಖ್ಯೆ ಇರುತ್ತದೆ. ಆಮೇಲೆ ವಡೆ, ಪೂರಿ ಕರಿಯುವ ಎಣ್ಣೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹಾನಿಕರ ಸಂಯುಕ್ತಗಳು ಹೆಚ್ಚುತ್ತವೆ. ಇದರ ಅಳತೆಗೋಲಾದ ಒಟ್ಟು ಧ್ರುವೀಯ ಸಂಯುಕ್ತಗಳು ಶೇಕಡಾ 25 ದಾಟಿದ ಎಣ್ಣೆಯನ್ನು ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ಇದೆ. ಅಳೆಯುವ ಉಪಕರಣ ನಮ್ಮ ಕೈಯಲ್ಲಿರುವುದಿಲ್ಲ, ಕಣ್ಣು ಮೂಗು ಇವೆ. ಎಣ್ಣೆ ಕಪ್ಪಾಗಿ, ಮೇಲೆ ನೊರೆ ನಿಂತು, ಘಾಟು ಹೊಡೆಯುತ್ತಿದ್ದರೆ ಅವತ್ತು ವಡೆ ಬೇಡ, ಇಡ್ಲಿ ತಿನ್ನಿ.

ಇಡ್ಲಿ ಬೇಯಿಸುವ ತಟ್ಟೆಯ ಮೇಲೆ ಏನು ಹಾಸಿದ್ದಾರೆ ನೋಡಿ. ಹತ್ತಿ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದು 2025ರ ಫೆಬ್ರುವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳ ತಪಾಸಣೆಯಲ್ಲಿ ಬಯಲಾಗಿ, ಸರ್ಕಾರ ಅದನ್ನು ತಡೆಯಲು ಮುಂದಾಯಿತು. ಹಬೆಯ ಬಿಸಿಗೆ ಪ್ಲಾಸ್ಟಿಕ್ಕಿನ ರಾಸಾಯನಿಕಗಳು ಇಡ್ಲಿಗೆ ಇಳಿಯುತ್ತವೆ. ಪಾರ್ಸೆಲ್ಲಿಗೂ ಇದೇ ಮಾತು. ಕುದಿಯುವ ಸಾಂಬಾರನ್ನು ತೆಳು ಕವರಿನಲ್ಲಿ ಕಟ್ಟಿಸಿಕೊಳ್ಳಬೇಡಿ. ಮನೆಯಿಂದ ಎರಡು ಸ್ಟೀಲ್ ಡಬ್ಬಿ ತಂದರೆ ಬಡಾವಣೆಯ ಯಾವ ಹೋಟೆಲಿನವರೂ ಬೇಡ ಎನ್ನುವುದಿಲ್ಲ. ಕಾಯಿ ಚಟ್ನಿ ಬೇಗ ಹಳಸುವ ಪದಾರ್ಥ. ಬೇಸಿಗೆಯಲ್ಲಿ ಹನ್ನೊಂದರ ಮೇಲೆ ಪಾರ್ಸೆಲ್ ಒಯ್ದರೆ ಮನೆ ಸೇರಿದ ಕೂಡಲೇ ತಿಂದು ಮುಗಿಸಿ.

ಮಿಲಿಟರಿ ಹೋಟೆಲಿನ ಕಡೆ

ಭಾನುವಾರದ ಮಾತು ದೋಸೆಗೇ ನಿಂತರೆ ಅರ್ಧ ಹೆಗ್ಗನಹಳ್ಳಿಯನ್ನು ಬಿಟ್ಟಂತೆ. ಸೋಮವಾರ, ಗುರುವಾರ, ಶನಿವಾರ ಒಂದಲ್ಲ ಒಂದು ದೇವರ ವಾರವೆಂದು ಮಾಂಸ ಮುಟ್ಟದ ಮನೆಗಳು ಎಷ್ಟೋ. ಭಾನುವಾರಕ್ಕೆ ಅಂಥ ತಡೆಯಿಲ್ಲ, ರಜೆಯೂ ಅವತ್ತೇ. ಅದಕ್ಕೇ ಬೆಳಿಗ್ಗೆ ಮಟನ್ ಅಂಗಡಿಯ ಮುಂದೆ ಒಂದು ಸಾಲು, ಮಾಂಸದೂಟದ ಮಿಲಿಟರಿ ಹೋಟೆಲಿನ ಮುಂದೆ ಇನ್ನೊಂದು. ಇಡ್ಲಿ ಜೊತೆ ಕಾಲು ಸೂಪು, ಖೈಮಾ, ನಾಟಿ ಕೋಳಿ ಸಾರು, ಮುದ್ದೆ, ದೊನ್ನೆ ಬಿರಿಯಾನಿ. ಬಿರಿಯಾನಿಗೆ ಸಣ್ಣ ಕಾಳಿನ ಜೀರಿಗೆ ಸಾಂಬಾ ಅಕ್ಕಿ. ಪುದೀನ, ಕೊತ್ತಂಬರಿ, ಹಸಿಮೆಣಸಿನಕಾಯಿ ರುಬ್ಬಿದ ಮಸಾಲೆಯಿಂದ ಹಸಿರು ಬಣ್ಣ.

ಇಲ್ಲಿಯ ಗಡಿಯಾರ ಪಾತ್ರೆಯ ಲೆಕ್ಕದಲ್ಲಿ ಓಡುತ್ತದೆ. ಬಿರಿಯಾನಿಯನ್ನು ದೋಸೆಯಂತೆ ಒಂದೊಂದಾಗಿ ಮಾಡಲಾಗುವುದಿಲ್ಲ. ಒಂದು ಪಾತ್ರೆ ದಮ್ಮಿನಿಂದ ಇಳಿದರೆ ಖಾಲಿಯಾಗುವವರೆಗೆ ಅದೇ. ಮುಚ್ಚಳ ತೆಗೆದ ಮೊದಲ ಅರ್ಧ ಗಂಟೆ ಎಲ್ಲಕ್ಕಿಂತ ಒಳ್ಳೆಯದು. ಪಾತ್ರೆಯ ತಳ ಸೇರಿದ ಹೊತ್ತಿಗೆ ಅನ್ನ ಮುದ್ದೆ, ತುಂಡು ಕಡಿಮೆ. ‘ಮುಂದಿನ ಪಾತ್ರೆ ಎಷ್ಟೊತ್ತಿಗೆ?’ ಎಂದು ಕೇಳಿಕೊಂಡು ಹೋಗುವವರಿಗೆ ಒಳ್ಳೆಯ ದೊನ್ನೆ ಸಿಗುತ್ತದೆ. ಮನೆಯಲ್ಲಿ ಒಬ್ಬರಿಗೆ ದೋಸೆ, ಇನ್ನೊಬ್ಬರಿಗೆ ಬಿರಿಯಾನಿ ಬೇಕಾದರೆ ಬಿರಿಯಾನಿಯನ್ನು ಪಾರ್ಸೆಲ್ ತೆಗೆದುಕೊಂಡು ಮನೆಯಲ್ಲೇ ಸೇರಿ ತಿನ್ನಿ. ಸಸ್ಯಾಹಾರಿ ದರ್ಶಿನಿಯ ಟೇಬಲಿನ ಮೇಲೆ ಅದನ್ನು ಬಿಚ್ಚುವುದು ಬೇಡ.

ರಜೆ ಇಲ್ಲದವರ ಭಾನುವಾರ

ನಮ್ಮ ರಜೆಯ ದಿನವೇ ಹೋಟೆಲ್ ಕೆಲಸಗಾರರಿಗೆ ವಾರದ ಅತಿ ಭಾರದ ದಿನ. ನಸುಕಿನಲ್ಲೇ ಎದ್ದು ಆಲೂಗೆಡ್ಡೆ ಬೇಯಿಸಿ, ಕಾಯಿ ತುರಿದು, 19 ಕೆ.ಜಿ.ಯ ಸಿಲಿಂಡರ್ ಬದಲಿಸಿ, ಕಾವಲಿಯ ಬಿಸಿಯ ಮುಂದೆ ಆರು ಗಂಟೆ ನಿಲ್ಲುವವರು ಅವರು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಅವರಿಗೂ ವಾರಕ್ಕೊಂದು ರಜೆ ಸಲ್ಲಬೇಕು. ವಿದ್ಯಾರ್ಥಿ ಭವನ ಶುಕ್ರವಾರ ಬಾಗಿಲು ಹಾಕುತ್ತದೆ, ಲಾಲ್‌ಬಾಗಿನ ಎಂಟಿಆರ್ ಸೋಮವಾರ. ನಿಮ್ಮ ಬೀದಿಯ ಹೋಟೆಲು ವಾರದ ನಡುವೆ ಒಂದು ದಿನ ಮುಚ್ಚಿದ್ದರೆ ಬೇಸರ ಪಡಬೇಡಿ, ಆ ಬಿಡುವಿನಿಂದಲೇ ಭಾನುವಾರದ ದೋಸೆಗೆ ಹದ ಬರುವುದು.

ಹಾಗಾಗಿ ಮುಂದಿನ ಭಾನುವಾರ ಒಂಬತ್ತೂಕಾಲಿಗೆ ಹೊರಡಿ. ಬೋರ್ಡು ಓದಿ, ಏನು ಬೇಕೆಂದು ಮನೆಮಂದಿಯೆಲ್ಲ ಸಾಲಿನಲ್ಲಿರುವಾಗಲೇ ತೀರ್ಮಾನಿಸಿಕೊಂಡು ಕೌಂಟರಿಗೆ ಹೋಗಿ. ತಿಂದಾದ ಮೇಲೆ ತಟ್ಟೆಯನ್ನು ತೊಟ್ಟಿಗೆ ಹಾಕಿ, ಜಾಗವನ್ನು ಕಾಯುತ್ತಿರುವವರಿಗೆ ಬಿಟ್ಟುಕೊಡಿ. ಹರಟೆ ಹೊರಗೆ ಮರದ ನೆರಳಿನಲ್ಲೂ ನಡೆಯುತ್ತದೆ. ದೋಸೆ ಚೆನ್ನಾಗಿತ್ತು ಎಂದರೆ ಹೊರಡುವ ಮುಂಚೆ ಆ ಮಾತನ್ನು ಮಾಸ್ಟರಿಗೆ ಹೇಳಿ. ಚೆನ್ನಾಗಿರದಿದ್ದರೆ ಮಾಲೀಕರಿಗೆ ಮೆಲ್ಲಗೆ ಹೇಳಿ. ಎರಡೂ ಅವರಿಗೆ ಬೇಕು. ಮುಂದಿನ ಶನಿವಾರ ಎಷ್ಟು ನೆನೆಹಾಕಬೇಕು, ಯಾವಾಗ ರುಬ್ಬಬೇಕು ಎಂಬುದನ್ನು ಅವರು ತೀರ್ಮಾನಿಸುವುದು ಇಂಥ ಮಾತುಗಳಿಂದಲೇ.